ಟ್ಯೂಬು ತಾನೇ ಎನ್ನುವವರಿಗೆ

ಮೋಟಾರ್ ಸೈಕಲ್ಲಿನ ಟ್ಯೂಬಿನ ಬಗ್ಗೆಯೂ ಈ ಮೇಷ್ಟ್ರು ಪ್ರಬಂಧ ಬರೆಯತೊಡಗಿದರೇ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ, ಅಡ್ಡಿಯಿಲ್ಲ. ಆದರೆ ನನ್ನ ಕೈಕೆಳಗೆ ಓದಿದವರಲ್ಲಿ ಬಹುಪಾಲು ಮಂದಿ ಇಂದು ದಿನಬೆಳಗಾದರೆ ಎರಡು ಚಕ್ರಗಳ ಮೇಲೆಯೇ ಸಂಸಾರ ಸಾಗಿಸುವವರು. ಹಿಂದೆ ಹೆಂಡತಿ, ಮುಂದೆ ಟ್ಯಾಂಕಿನ ಮೇಲೆ ಮಗು, ಬದಿಯಲ್ಲಿ ಹಾಲಿನ ಕ್ಯಾನು. ಈ ಇಡೀ ಸಂಸಾರವನ್ನು ನೆಲದಿಂದ ಮೇಲೆತ್ತಿ ಹಿಡಿದಿರುವುದು ಒಂದಿಷ್ಟು ಗಾಳಿ; ಆ ಗಾಳಿಯನ್ನು ಹಿಡಿದಿರುವುದು ಎರಡು ಮಿಲಿಮೀಟರಿನ ಆಸುಪಾಸಿನ ದಪ್ಪವುಳ್ಳ ಒಂದು ರಬ್ಬರು ಚೀಲ. ಆ ಚೀಲವನ್ನು ಕೊಳ್ಳುವಾಗ ನಾವು ತೋರುವ ಉಡಾಫೆಯನ್ನು, ಬದನೆಕಾಯಿ ಕೊಳ್ಳುವಾಗಲೂ ತೋರುವುದಿಲ್ಲ. ಬದನೆಕಾಯಿಯನ್ನಾದರೂ ತಿರುಗಿಸಿ ಹುಳುಕು ನೋಡುತ್ತೇವೆ.

ಈಚೆಗೆ ಬರುವ ಅಲಾಯ್ ಚಕ್ರದ ಬೈಕುಗಳಿಗೆ ಟ್ಯೂಬು ಬೇಕಿಲ್ಲ ಎಂಬುದು ನನಗೆ ತಿಳಿದಿದೆ. 1994ರಲ್ಲಿ ಹೀರೋ ಹೋಂಡಾ ಸ್ಪ್ಲೆಂಡರ್ ಬಂದಾಗ ಅದರ ಎರಡೂ ಚಕ್ರಗಳಿಗೆ 2.75-18ರ ಟ್ಯೂಬು ಟೈರುಗಳಿದ್ದವು; ಅದೇ ಹೆಸರಿನ ಇತ್ತೀಚಿನ ಗಾಡಿಗೆ ಟ್ಯೂಬ್‌ಲೆಸ್ ಟೈರು ಬಂದಿದೆ. ಆದರೆ ನಮ್ಮ ಹಳ್ಳಿಗಳಲ್ಲಿ ಓಡುವ ಗಾಡಿಗಳೆಲ್ಲ ನಿನ್ನೆ ಮೊನ್ನೆ ಕೊಂಡವೇ? ಹದಿನೈದು, ಇಪ್ಪತ್ತು ವರ್ಷದ ಬೈಕುಗಳಿವೆ, ತೋಟಕ್ಕೆ ಗೊಬ್ಬರ ಹೊರುವ ಮೊಪೆಡ್‌ಗಳಿವೆ, ಕಡ್ಡಿ ಚಕ್ರದ ಬುಲೆಟ್‌ಗಳಿವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿಗಳನ್ನು ಮಕ್ಕಳಂತೆ ಸಾಕಿಕೊಂಡವರು ಇನ್ನೂ ಇದ್ದಾರೆ. ಕಡ್ಡಿಗಳು ರಿಮ್ಮಿಗೆ ಸೇರುವಲ್ಲಿ ಒಂದೊಂದಕ್ಕೂ ಒಂದೊಂದು ರಂಧ್ರವಿರುವುದರಿಂದ ಸಾಮಾನ್ಯ ಕಡ್ಡಿ ಚಕ್ರದಲ್ಲಿ ಟ್ಯೂಬಿಲ್ಲದೆ ಗಾಳಿ ನಿಲ್ಲದು. ಆದ್ದರಿಂದ ಟ್ಯೂಬಿನ ಕಾಲ ಮುಗಿಯಿತೆಂದು ಯಾರೂ ಭಾವಿಸಬೇಕಾಗಿಲ್ಲ.

ನಾನು ಜಗಳಕ್ಕೆ ನಿಂತಿರುವುದು ಮೂರು ಮಾತುಗಳ ಜೊತೆಗೆ. ‘ಟ್ಯೂಬು ತಾನೇ’ ಎಂಬುದು ಮೊದಲನೆಯದು. ‘ಅಡ್ಜಸ್ಟ್ ಆಗುತ್ತೆ ಬಿಡಿ ಸಾರ್’ ಎಂಬುದು ಎರಡನೆಯದು. ‘ಇನ್ನೊಂದು ಪ್ಯಾಚ್ ಹಾಕು, ನಡೆಯುತ್ತೆ’ ಎಂಬುದು ಮೂರನೆಯದು. ಎರಡನೆಯ ಮಾತನ್ನು ಅಂಗಡಿಯವನು ಆಡುತ್ತಾನೆ. ಉಳಿದೆರಡನ್ನು ಆಡುವವರು ನಾವು.

ಮೊದಲಿಗೆ ಅಡ್ಜಸ್ಟ್ ಆಗುವ ವಿಚಾರ. ಟೈರಿನ ಪಕ್ಕದಲ್ಲಿ ಅಳತೆಯನ್ನು ಅಚ್ಚೊತ್ತಿರುತ್ತಾರೆ. 3.25-19 ಎಂದಿದ್ದರೆ ಟೈರಿನ ಅಗಲ ಮೂರೂಕಾಲು ಇಂಚು, ಅದು ಕೂರುವ ರಿಮ್ಮಿನ ವ್ಯಾಸ 19 ಇಂಚು. 90/90-19 ಎಂದಿದ್ದರೆ ಅಗಲ 90 ಮಿಲಿಮೀಟರು, ಎತ್ತರವು ಅಗಲದ ಶೇಕಡಾ 90 ಅಂದರೆ 81 ಮಿಲಿಮೀಟರು, ರಿಮ್ಮು ಮತ್ತೆ 19 ಇಂಚು. ಏಳನೆಯ ತರಗತಿಯ ಲೆಕ್ಕ ಬಲ್ಲವನಿಗೆ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ. ಟ್ಯೂಬಿನ ಡಬ್ಬಿಯ ಮೇಲೂ ಇದೇ ಅಂಕಿಗಳಿರುತ್ತವೆ. ಒಂದೇ ಟ್ಯೂಬು ಎರಡು ಅಗಲಗಳಿಗೆ ಹೊಂದುವುದುಂಟು, 2.75/3.00-18 ಎಂದು ಅದನ್ನೂ ಮುದ್ರಿಸಿರುತ್ತಾರೆ. ತಯಾರಿಸಿದವನು ಕೊಟ್ಟ ಸಡಿಲಿಕೆ ಅಷ್ಟೇ. ಗಮನಿಸಿ, ಆ ಸಡಿಲಿಕೆ ಅಗಲದಲ್ಲಿದೆಯೇ ಹೊರತು ವ್ಯಾಸದಲ್ಲಿಲ್ಲ.

18ರ ಟ್ಯೂಬನ್ನು 19ರ ರಿಮ್ಮಿಗೆ ಏರಿಸುವುದು, 19ರದನ್ನು 18ಕ್ಕೆ ತುರುಕುವುದು ಇವೆರಡೂ ನಮ್ಮಲ್ಲಿ ನಿತ್ಯ ನಡೆಯುವ ಕೆಲಸಗಳು. ‘ಒಂದಿಂಚು ತಾನೇ’ ಎನ್ನುತ್ತಾರೆ. ವ್ಯಾಸದಲ್ಲಿ ಒಂದಿಂಚು ಎಂದರೆ ಸುತ್ತಳತೆಯಲ್ಲಿ ಎಷ್ಟು? ಪೈ ಬೆಲೆಯನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆಸಿದ್ದೇನೆ! 3.14 ಇಂಚು, ಅಂದರೆ ಸುಮಾರು 8 ಸೆಂಟಿಮೀಟರು. ದೊಡ್ಡ ಟ್ಯೂಬನ್ನು ಸಣ್ಣ ಚಕ್ರಕ್ಕೆ ಹಾಕಿದಾಗ ಈ 8 ಸೆಂಟಿಮೀಟರು ಎಲ್ಲಿಗೆ ಹೋಗಬೇಕು? ಒಳಗೆಲ್ಲೋ ಮಡಚಿಕೊಂಡು ಕೂರುತ್ತದೆ. ಚಕ್ರದ ಪ್ರತಿಯೊಂದು ಸುತ್ತಿನಲ್ಲೂ ಆ ಮಡಿಕೆ ತನ್ನ ಮೈಯನ್ನು ತಾನೇ ಉಜ್ಜಿಕೊಳ್ಳುತ್ತದೆ. ಸೀರೆಯ ಮಡಿಕೆ ಎಲ್ಲಿ ಮೊದಲು ಹರಿಯುತ್ತದೆಂದು ನಿಮ್ಮ ಅಜ್ಜಿಯಂದಿರನ್ನು ಕೇಳಿ.

ಸಣ್ಣದನ್ನು ದೊಡ್ಡದಕ್ಕೆ ಹಾಕಿದಾಗಿನ ಕತೆ ಬೇರೆ. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ನನ್ನ ಸೋದರಳಿಯ ಈ ಬಗ್ಗೆ ನನ್ನೊಡನೆ ವಾದಕ್ಕಿಳಿದಿದ್ದ. ‘ಮಾವ, 144 ಸೆಂಟಿಮೀಟರಿನ ಸುತ್ತಳತೆಯಲ್ಲಿ 8 ಸೆಂಟಿಮೀಟರು ಅಂದರೆ ಶೇಕಡಾ ಐದೂವರೆ. ರಬ್ಬರು ಐದು ಪಟ್ಟು ಹಿಗ್ಗುತ್ತೆ. ಸುಮ್ಮನೆ ಯಾಕೆ ಹೆದರಿಸುತ್ತೀರಿ?’ ಎಂದ. ಲೆಕ್ಕ ಸರಿಯಾಗಿದೆ, ಅದಕ್ಕೆ ಅಂಕ ಕೊಟ್ಟಿದ್ದೇನೆ. ಆದರೆ ಲೆಕ್ಕ ಅರ್ಧಕ್ಕೇ ನಿಂತಿದೆ. 2.75ರ ಟ್ಯೂಬು 3.25ರ ಟೈರನ್ನು ತುಂಬಬೇಕಾದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಶೇಕಡಾ 40ರಷ್ಟು ಹೆಚ್ಚಬೇಕು. ಅದರ ಮೇಲೆ ಈ ಐದೂವರೆ. ಹಿಗ್ಗಿದಷ್ಟೂ ಗೋಡೆ ತೆಳುವಾಗುತ್ತದೆ. ಎಲ್ಲ ಕಡೆ ಒಂದೇ ಸಮನಾಗಿ ಹಿಗ್ಗಿದ್ದರೆ ಹೇಗೋ ತಾಳಿಕೊಳ್ಳುತ್ತಿತ್ತೇನೋ. ವಾಲ್ವಿನ ಬುಡದಲ್ಲಿ ರಬ್ಬರು ಲೋಹಕ್ಕೋ ದಪ್ಪ ರಬ್ಬರಿಗೋ ಅಂಟಿಕೊಂಡಿರುತ್ತದೆ, ಟ್ಯೂಬಿನ ಎರಡು ತುದಿ ಕೂಡಿದ ಕಡೆ ಬೆಸುಗೆಯಿರುತ್ತದೆ. ಆ ಜಾಗಗಳು ಹಿಗ್ಗಲು ಒಪ್ಪುವುದಿಲ್ಲ. ಅವುಗಳ ಪಕ್ಕದ ರಬ್ಬರು ಅವುಗಳ ಪಾಲನ್ನೂ ಸೇರಿಸಿ ಹಿಗ್ಗಬೇಕಾಗುತ್ತದೆ. ಹರಿಯುವುದು ಅಲ್ಲಿಯೇ. ವಾಲ್ವಿನ ಬುಡ ಹರಿದರೆ ತೇಪೆಯಿಲ್ಲ, ಮದ್ದಿಲ್ಲ.

ಇದು ಪುಸ್ತಕದ ಬದನೆಕಾಯಿಯಲ್ಲ. 2019ರ ಮಳೆಗಾಲ ಮುಗಿದ ಹೊತ್ತಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ತಂದೆಯ ಕಾಲದ ಬುಲೆಟ್ಟಿನಲ್ಲಿ ಹೆಂಡತಿಯೊಂದಿಗೆ ಆಗುಂಬೆ ಘಾಟಿ ಇಳಿಯುತ್ತಿದ್ದ. 14 ತಿರುವುಗಳ ಆ ರಸ್ತೆಯನ್ನು ಬಲ್ಲವರು ಬಲ್ಲರು. ಅರ್ಧ ಇಳಿದಿರಬೇಕು, ತಿರುವಿನ ನಡುವೆ ಮುಂದಿನ ಚಕ್ರ ಏಕಾಏಕಿ ಸತ್ತ ಹಾವಿನಂತೆ ಮೆತ್ತಗಾಯಿತು. ಹ್ಯಾಂಡಲ್ ಕೈಯಲ್ಲಿ ನಿಲ್ಲಲಿಲ್ಲ. ಅವನ ಕೊರಳೆಲುಬು ಮುರಿಯಿತು, ಆಕೆಯ ಮೊಣಕಾಲು ಇಂದಿಗೂ ಮೆಟ್ಟಿಲು ಹತ್ತುವಾಗ ನೋಯುತ್ತದೆ. ಎದುರಿನಿಂದ ಆ ಕ್ಷಣದಲ್ಲಿ ಬಸ್ಸು ಬರಲಿಲ್ಲ ಎಂಬುದೊಂದೇ ಪುಣ್ಯ. ಬಳಿಕ ಟೈರು ಬಿಚ್ಚಿಸಿದಾಗ ನಾನೂ ಇದ್ದೆ. ಮುಂಚಕ್ರಕ್ಕೆ ಬೇಕಾದದ್ದು 3.25-19, ಒಳಗಿದ್ದದ್ದು 2.75-18. ಅಂಕಿಗಳು ಟ್ಯೂಬಿನ ಮೈಮೇಲೆ ಸ್ಪಷ್ಟವಾಗಿ ಓದುವಂತಿದ್ದವು. ವಾಲ್ವಿನ ಬುಡದಲ್ಲಿ ಅರ್ಧಚಂದ್ರಾಕಾರದ ಬಿರುಕು. ಹದಿನೈದು ದಿನಗಳ ಹಿಂದೆ ಪೇಟೆಯ ಅಂಗಡಿಯೊಂದರಲ್ಲಿ ಅದನ್ನು ಹಾಕಿದ್ದರು. ಕೇಳಹೋದಾಗ ಅಂಗಡಿಯ ಯಜಮಾನರು, ‘19ರದು ಸ್ಟಾಕ್ ಇರಲಿಲ್ಲ ಸಾರ್, ಅವರಿಗೂ ಅರ್ಜೆಂಟ್ ಇತ್ತು, ಇದೂ ಆಗುತ್ತೆ’ ಎಂದರು. ಈಗಲೂ ಅವರು ‘ಆಯಿತು’ ಎನ್ನಲಿಲ್ಲ, ‘ಆಗುತ್ತೆ’ ಎಂದೇ ಅಂದರು.

2009ರಲ್ಲಿ ಬಂದ ಕ್ಲಾಸಿಕ್ 350 ಇಟ್ಟುಕೊಂಡಿರುವವರಿಗೆ ಈ ಎಚ್ಚರ ಇಮ್ಮಡಿ ಬೇಕು. ಅದರ ಮುಂದಿನ ರಿಮ್ಮು 19, ಹಿಂದಿನದು 18. ಒಂದೇ ಗಾಡಿಯ ಎರಡು ಚಕ್ರಗಳಿಗೆ ಎರಡು ಬೇರೆ ಟ್ಯೂಬುಗಳು. ಕಡ್ಡಿ ಚಕ್ರದ ಹಿಮಾಲಯನ್ 411 ಬೈಕಿಗಂತೂ ಮುಂದೆ 21, ಹಿಂದೆ 17. ಗಾಡಿಯ ಹೆಸರು ಹೇಳಿ ‘ಒಂದು ಟ್ಯೂಬು ಕೊಡಿ’ ಎಂದು ಕೇಳುವವನಿಗೆ ಅಂಗಡಿಯವನು ಯಾವುದನ್ನು ಕೊಡಬೇಕು? 21ರ ಟ್ಯೂಬು ತಾಲ್ಲೂಕು ಕೇಂದ್ರಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅಂಥ ಗಾಡಿಯಲ್ಲಿ ದೂರ ಹೋಗುವವರು ಎರಡೂ ಅಳತೆಯದನ್ನು ಚೀಲದಲ್ಲಿಟ್ಟುಕೊಳ್ಳುವುದು ಲೇಸು. ಕಾಡಿನ ನಡುವೆ ಗತಿಯಿಲ್ಲದೆ ಸಿಕ್ಕಿದ್ದನ್ನು ಹಾಕಿಕೊಂಡು ಮೆಲ್ಲಗೆ ಮುಂದಿನ ಊರು ಸೇರುವವನನ್ನು ನಾನು ದೂರುವುದಿಲ್ಲ. ಊರು ಸೇರಿದ ಮೇಲೂ ಅದರಲ್ಲೇ ಆರು ತಿಂಗಳು ಓಡಾಡುವವನನ್ನು ದೂರುತ್ತೇನೆ.

ಇನ್ನು ತೇಪೆಯ ವಿಚಾರ. ನಮ್ಮದು ತೇಪೆಯ ಸಂಸ್ಕೃತಿ. ಅದನ್ನು ನಾನು ಹೀನಾಯವಾಗಿ ಕಾಣುವವನಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಗೆ ಹೋಗುತ್ತಿದ್ದುದು ಸೈಕಲ್ಲಿನಲ್ಲಿ. ಅದರ ಹಿಂದಿನ ಟ್ಯೂಬಿನಲ್ಲಿ ಟ್ಯೂಬಿಗಿಂತ ತೇಪೆಯೇ ಹೆಚ್ಚಿತ್ತು. ತೀರ ಕೆಟ್ಟ ಮೇಲೂ ಅದನ್ನು ಎಸೆಯುತ್ತಿರಲಿಲ್ಲ: ಪಟ್ಟಿ ಕತ್ತರಿಸಿ ಕ್ಯಾರಿಯರಿಗೆ ಪುಸ್ತಕದ ಕಟ್ಟು ಬಿಗಿಯುತ್ತಿದ್ದೆವು, ಹುಡುಗರು ಕವೆಕೋಲಿಗೆ ಕಟ್ಟಿ ಮಾವಿನಕಾಯಿಗೆ ಗುರಿಯಿಡುತ್ತಿದ್ದರು. ಲಾರಿ ಟ್ಯೂಬಿನ ಮೇಲೆ ಕೂತು ಹೊಳೆಯಲ್ಲಿ ಈಜು ಕಲಿತವರು ನಿಮ್ಮಲ್ಲಿಯೇ ಎಷ್ಟೋ ಜನರಿದ್ದೀರಿ. ಆದರೆ ಸೈಕಲ್ಲಿನ ಮಿತವ್ಯಯವನ್ನು ಮೋಟಾರ್ ಸೈಕಲ್ಲಿಗೆ ತರುವುದು ಅವಿವೇಕ. ಸೈಕಲ್ಲು ಗಂಟೆಗೆ 15 ಕಿಲೋಮೀಟರು ಹೋದರೆ ಬೈಕು 60 ಹೋಗುತ್ತದೆ. ವೇಗ ನಾಲ್ಕು ಪಟ್ಟು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದುದರಿಂದ ಅಷ್ಟೇ ತೂಕಕ್ಕೆ 16 ಪಟ್ಟು. ಬೈಕಿನ ತೂಕವನ್ನೂ ಸೇರಿಸಿದರೆ ಇನ್ನೂ ಹೆಚ್ಚು. ಸೈಕಲ್ಲಿನ ಟ್ಯೂಬು ಕೈಕೊಟ್ಟರೆ ಇಳಿದು ತಳ್ಳುತ್ತೇವೆ. ಬೈಕಿನದು ಕೈಕೊಟ್ಟರೆ ಇಳಿಯಲು ಬಿಡುವು ಸಿಗುವುದಿಲ್ಲ.

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ರಬ್ಬರು ಮೊಳೆಯನ್ನೇ ಅಪ್ಪಿ ಹಿಡಿದುಕೊಳ್ಳುತ್ತದೆ, ಗಾಳಿ ನಿಧಾನವಾಗಿ ಸೋರುತ್ತದೆ. ಟ್ಯೂಬು ಹಾಗಲ್ಲ. ಅದು ಹಿಗ್ಗಿದ ಸ್ಥಿತಿಯಲ್ಲಿರುವ ತೆಳುಚೀಲ. ಚುಚ್ಚಿದ ತೂತು ಸೀಳಾಗಬಹುದು, ಹೊರಬಿದ್ದ ಗಾಳಿಗೆ ವಾಲ್ವಿನ ತೂತು, ಕಡ್ಡಿಗಳ ತೂತು ಎಂದು ಹತ್ತಾರು ಬಾಗಿಲುಗಳು. ಆದ್ದರಿಂದ ಮುಂದಿನ ಚಕ್ರದ ಟ್ಯೂಬಿನಲ್ಲಿ ಎರಡಕ್ಕಿಂತ ಹೆಚ್ಚು ತೇಪೆಗಳನ್ನು ನಾನು ಒಪ್ಪುವುದಿಲ್ಲ. ಇದು ಯಾವ ಕಾನೂನೂ ಅಲ್ಲ, ನನ್ನ ಮನೆಯ ನಿಯಮ. ವಾಲ್ವಿನ ಹತ್ತಿರದ ತೂತಿಗೆ ಒಂದೂ ಸಲ್ಲದು. ಹೊಸ ಟೈರು ಹಾಕಿಸುವಾಗ ಹಳೆಯ ಟ್ಯೂಬನ್ನೇ ತುರುಕಿಸುವುದನ್ನಂತೂ ಕಂಡರಾಗದು. ಹಳೆಯ ಟ್ಯೂಬು ಹಿಗ್ಗಿ ದೊಡ್ಡದಾಗಿರುತ್ತದೆ. ಹೊಸ ಟೈರಿನೊಳಗೆ ಮಡಿಕೆ ಬೀಳುವುದು ಖಂಡಿತ. ಎರಡು ಸಾವಿರ ರೂಪಾಯಿಯ ಟೈರಿಗೆ ಹಣ ಎಣಿಸಿಕೊಟ್ಟವರು ಕೆಲವು ನೂರು ರೂಪಾಯಿಯ ಟ್ಯೂಬಿನ ಮುಂದೆ ಕೈ ಹಿಂದೆಗೆಯುತ್ತಾರೆ.

ಯಾವ ರಬ್ಬರಿನದು ಎಂಬುದನ್ನು ಕೇಳುವವರೇ ಇಲ್ಲ. ಟ್ಯೂಬುಗಳು ಎರಡು ಜಾತಿ: ಮರದ ಹಾಲಿನಿಂದ ಬಂದ ನೈಸರ್ಗಿಕ ರಬ್ಬರಿನವು, ಬ್ಯುಟೈಲ್ ಎಂಬ ಕೃತಕ ರಬ್ಬರಿನವು. 1888ರಲ್ಲಿ ಬೆಲ್‌ಫಾಸ್ಟ್‌ನ ಡನ್ಲಪ್ ಎಂಬ ಪಶುವೈದ್ಯ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿಯ ಟೈರು ಮಾಡಿದಾಗ ಇದ್ದದ್ದು ಮೊದಲನೆಯದೊಂದೇ. (ಅವನಿಗಿಂತ ಮೊದಲೇ, 1845ರಲ್ಲಿ, ಥಾಮ್ಸನ್ ಎಂಬಾತ ಗಾಳಿಯ ಟೈರಿಗೆ ಪೇಟೆಂಟು ಪಡೆದಿದ್ದ. ಕೀರ್ತಿ ಮಾತ್ರ ಡನ್ಲಪ್ಪನಿಗೆ ಹೋಯಿತು. ಲೋಕದ ನ್ಯಾಯ.) 1937ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಪ್ರಯೋಗಾಲಯದಲ್ಲಿ ಸ್ಪಾರ್ಕ್ಸ್ ಮತ್ತು ಥಾಮಸ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಬ್ಯುಟೈಲನ್ನು ಕಂಡುಹಿಡಿದರು. ಗಾಳಿಯ ಅಣುಗಳು ಅದರೊಳಗೆ ನುಸುಳುವುದು ಬಹಳ ಕಷ್ಟ. ಗಾಳಿ ಹಿಡಿದಿಡುವುದರಲ್ಲಿ ಅದು ನೈಸರ್ಗಿಕ ರಬ್ಬರಿಗಿಂತ ಎಷ್ಟೋ ಪಟ್ಟು ಮೇಲು. ಅದರ ಅಣುಸರಪಳಿಯಲ್ಲಿ ದ್ವಿಬಂಧಗಳು ವಿರಳವಾದ್ದರಿಂದ ಬಿಸಿಲಿಗೆ, ಓಜೋನಿಗೆ ಬೇಗ ಬಿರಿಯುವುದೂ ಇಲ್ಲ. ನೈಸರ್ಗಿಕ ರಬ್ಬರಿಗೂ ಅದರದೇ ಗುಣವುಂಟು: ಸೀಳು ಬೇಗ ಹಬ್ಬದು, ತೇಪೆ ಚೆನ್ನಾಗಿ ಕಚ್ಚುತ್ತದೆ. ವಾರಕ್ಕೊಮ್ಮೆ ತಪ್ಪದೆ ಗಾಳಿ ನೋಡುವ ಶಿಸ್ತುಳ್ಳವನು ಅದನ್ನು ಹಾಕಿಕೊಳ್ಳಲಿ. ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಗಾಳಿ ನೋಡುವ ನಮ್ಮಂಥವರ ನಾಡಿಗೆ ಬ್ಯುಟೈಲೇ ಸರಿ. ಗಾಳಿ ಕಡಿಮೆಯಿದ್ದಾಗ ಟೈರು ರಿಮ್ಮಿನ ಮೇಲೆ ಸ್ವಲ್ಪ ಸ್ವಲ್ಪವೇ ಜರುಗುತ್ತದೆ, ಟ್ಯೂಬನ್ನೂ ಎಳೆದೊಯ್ಯುತ್ತದೆ, ವಾಲ್ವು ವಾಲುತ್ತದೆ. ಚಕ್ರದ ವಾಲ್ವು ನೆಟ್ಟಗಿಲ್ಲದೆ ಓರೆಯಾಗಿ ಇಣುಕುತ್ತಿರುವುದು ಕಂಡರೆ ಒಳಗೆ ಬುಡ ಎಳೆಯುತ್ತಿದೆ ಎಂದೇ ತಿಳಿಯಬೇಕು. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಲವಾಗಿ ಬಿಗಿದುಬಿಟ್ಟರೆ ಈ ಸೂಚನೆಯೂ ಕಾಣದು.

ತೇಪೆ ಹಾಕುವವನಿಗೂ ಈ ಜಾತಿಭೇದ ಗೊತ್ತಿರಬೇಕು. ದ್ವಿಬಂಧಗಳು ವಿರಳವಾದ ಕಾರಣಕ್ಕೇ ಬ್ಯುಟೈಲಿಗೆ ಬೇರೆ ರಬ್ಬರು ಸುಲಭವಾಗಿ ಬೆಸೆಯುವುದಿಲ್ಲ. ಕಂಡ ಕಂಡ ಸಲ್ಯೂಷನ್ ಬಳಿದು ಕಂಡ ಕಂಡ ತುಂಡನ್ನು ಒತ್ತಿದರೆ ಎರಡು ದಿನದಲ್ಲಿ ಅಂಚು ಏಳುತ್ತದೆ.

‘ಹೆವಿ ಡ್ಯೂಟಿ’ ಎಂಬ ಇನ್ನೊಂದು ಮೋಹವಿದೆ. ದಪ್ಪ ಟ್ಯೂಬು ಒಳ್ಳೆಯದೆಂಬುದು ಎಲ್ಲ ಸಂದರ್ಭಕ್ಕೂ ಸಲ್ಲುವ ಮಾತಲ್ಲ. ಕಲ್ಲು ಮುಳ್ಳಿನ ಹಾದಿಯಲ್ಲಿ, ಕಡಿಮೆ ಗಾಳಿಯಲ್ಲಿ ಓಡಿಸುವವರಿಗೆ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಕತ್ತರಿಸದಿರಲೆಂದು ಮಾಡಿದ್ದು ಅದು. ಹೆದ್ದಾರಿಯಲ್ಲಿ ಅದರ ತೂಕವೂ ಹೆಚ್ಚು, ಕಾವೂ ಹೆಚ್ಚು. ಟ್ಯೂಬು ಭಾರ ಹೊರುವುದಿಲ್ಲ ಎಂಬುದನ್ನೇ ಜನ ಮರೆಯುತ್ತಾರೆ. ಟೈರಿನ ಹೊರಗೆ ಟ್ಯೂಬಿಗೆ ಗಾಳಿ ಹಾಕಿ ನೋಡಿ, ಸ್ವಲ್ಪಕ್ಕೇ ಕುಂಬಳಕಾಯಿಯಂತೆ ಊದಿಕೊಳ್ಳುತ್ತದೆ. ಒತ್ತಡವನ್ನು ತಡೆಯುವುದು ಟೈರಿನ ನೂಲು. ಟ್ಯೂಬಿನ ಕೆಲಸ ಸೋರದಂತೆ ನೋಡಿಕೊಳ್ಳುವುದು ಮಾತ್ರ. ಆದ್ದರಿಂದ ದಪ್ಪಕ್ಕಿಂತ ಅಳತೆ ಮುಖ್ಯ, ಅಳತೆಯಷ್ಟೇ ಮುಖ್ಯ ಟೈರಿನ ಒಳಮೈ. ಮೊಳೆಯ ಮುರುಕು ಟೈರಿನಲ್ಲೇ ಉಳಿದಿದ್ದರೆ ಚಿನ್ನದ ಟ್ಯೂಬು ಹಾಕಿದರೂ ಸಂಜೆಯೊಳಗೆ ಚುಚ್ಚುತ್ತದೆ. ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಗೆ ಕೈಯಾಡಿಸದ, ರಿಮ್ಮಿನ ಟೇಪು ಕಡ್ಡಿಗಳ ತುದಿಯನ್ನು ಮುಚ್ಚಿದೆಯೇ ಎಂದು ನೋಡದ ಅಂಗಡಿಯಿಂದ ಗಾಡಿಯನ್ನು ತಳ್ಳಿಕೊಂಡಾದರೂ ಹೊರಗೆ ತನ್ನಿ.

ಡಬ್ಬಿಯಿಲ್ಲದೆ ಗೊಂಚಲುಗೊಂಚಲಾಗಿ ಮೊಳೆಗೆ ನೇತುಹಾಕಿ ಬಿಸಿಲಿನಲ್ಲಿ ಮಾರುವ ಟ್ಯೂಬುಗಳ ಬಗ್ಗೆ ಒಂದು ಮಾತು. ವಾಹನಗಳ ಟೈರು ಟ್ಯೂಬುಗಳಿಗೆ ಐಎಸ್‌ಐ ಗುರುತು ಕಡ್ಡಾಯವೆಂದು ಕೇಂದ್ರ ಸರ್ಕಾರ 2009ರಲ್ಲಿಯೇ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿದೆ. ಟ್ಯೂಬಿಗೆ ಸಂಬಂಧಿಸಿದ ಭಾರತೀಯ ಮಾನಕದ ಸಂಖ್ಯೆ ಐಎಸ್ 13098. ಗುರುತಿಲ್ಲದ್ದನ್ನು ಮಾರುವವನು ಒಬ್ಬನಾದರೆ, ‘ಅದೆಲ್ಲ ಬೇಡಪ್ಪ, ಅರವತ್ತು ರೂಪಾಯಿ ಕಡಿಮೆಗೆ ಬರುವುದನ್ನು ಕೊಡು’ ಎನ್ನುವವರು ನೂರು ಜನ.

ಪಂಕ್ಚರ್ ಅಂಗಡಿಯವರನ್ನೇ ನಾನು ದೂರುತ್ತಿದ್ದೇನೆಂದು ಯಾರೂ ತಿಳಿಯಬೇಡಿ. ರಸ್ತೆಗೆ ಮೊಳೆ ಚೆಲ್ಲಿ ಗಿರಾಕಿ ಹಿಡಿಯುವ ಪಾಪಿಗಳೂ ಇದ್ದಾರೆಂಬ ದೂರು ಬೆಂಗಳೂರಿನಂಥ ಕಡೆ ಹಳೆಯದು. 2010ರ ದಶಕದಲ್ಲಿ ಅಲ್ಲಿನ ಹೊರವರ್ತುಲ ರಸ್ತೆಯಲ್ಲಿ ಕೆಲಸಕ್ಕೆ ಹೋಗುವ ದಾರಿಯುದ್ದಕ್ಕೂ ಮೊಳೆ ಹೆಕ್ಕುತ್ತಿದ್ದ ಒಬ್ಬ ನೌಕರರ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಆದರೆ ಬಹುಮಂದಿ ಅಂಥವರಲ್ಲ. ನನ್ನ ವಿದ್ಯಾರ್ಥಿಗಳಲ್ಲೇ ಒಬ್ಬ ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾನೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಟೈರಿನ ಅಳತೆಯನ್ನು ಮಾತ್ರ ದೂರದಿಂದಲೇ ಹೇಳುತ್ತಾನೆ. ಆಗುಂಬೆಯ ಪ್ರಸಂಗವಾದ ಮೇಲೆ ಅವನ ಅಂಗಡಿಗೆಂದು ಯಾವ ಗಾಡಿಗೆ ಮುಂದೆ ಯಾವ ಟ್ಯೂಬು, ಹಿಂದೆ ಯಾವುದು ಎಂಬ ಪಟ್ಟಿಯನ್ನು ಡ್ರಾಯಿಂಗ್ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಅದನ್ನು ಗಾಳಿಯ ಕಂಪ್ರೆಸರಿನ ಮೇಲ್ಗಡೆ ಗೋಡೆಗೆ ಅಂಟಿಸಿದ್ದಾನೆ.

ಮೊನ್ನೆ ಹೋದಾಗ ‘ಪಟ್ಟಿ ಉಪಯೋಗಕ್ಕೆ ಬರುತ್ತಿದೆಯೇನಪ್ಪಾ?’ ಎಂದು ಕೇಳಿದೆ. ‘ನನಗೇನೋ ಬರುತ್ತೆ ಸಾರ್. ಸರಿಯಾದದ್ದು ನಾಳೆ ತರಿಸಿಕೊಡ್ತೀನಿ, ಇವತ್ತು ಗಾಡಿ ಇಲ್ಲೇ ಬಿಡಿ ಅಂದ್ರೆ ಕೋಪ ಮಾಡ್ಕೊಂಡು ಪಕ್ಕದ ಅಂಗಡಿಗೆ ಹೋಗ್ತಾರೆ. ಹೋಗೋರಲ್ಲಿ ಜಾಸ್ತಿ ಓದಿದೋರೇ ಸಾರ್’ ಎಂದ. ಪಕ್ಕದ ಅಂಗಡಿಯವನಿಗೆ ಪಟ್ಟಿ ಬರೆದುಕೊಡಲೇ ಎಂದು ಕೇಳಿದೆ. ‘ಕೊಡಿ, ನಾನೇ ಅಂಟಿಸ್ತೀನಿ’ ಎಂದ. ಹಾಳೆ ತಂದಿಟ್ಟಿದ್ದೇನೆ. ಟಿವಿಎಸ್ ಎಕ್ಸ್‌ಎಲ್‌ನಿಂದ ಬುಲೆಟ್ಟಿನವರೆಗೆ ಹದಿನೆಂಟು ಗಾಡಿಗಳ ಅಳತೆ ಬರೆದಾಗಿದೆ. ಪಟ್ಟಿಯಲ್ಲಿಲ್ಲದ ಗಾಡಿಯುಳ್ಳವರು ನಿಮ್ಮ ಎರಡೂ ಟೈರುಗಳ ಪಕ್ಕದಲ್ಲಿರುವ ಅಂಕಿಗಳನ್ನು ಬಗ್ಗಿ ನೋಡಿ, ಬರೆದು ಕಳುಹಿಸಿ, ಸೇರಿಸುತ್ತೇನೆ.